ಹೊಳೆಯ ಹೊನ್ನಿಗೆ ತವರು ಯಾವುದು?

ಗೂಡಲೂರಿನಿಂದ ನಾಡುಗಾಣಿಯ ಘಟ್ಟವನ್ನಿಳಿದರೆ ನಿಲಂಬೂರಿನ ಕಣಿವೆ. ಮೇಲಿರುವುದು ತಮಿಳುನಾಡಿನ ನೀಲಗಿರಿ ಜಿಲ್ಲೆ, ಕೆಳಗಿರುವುದು ಕೇರಳದ ಮಲಪ್ಪುರಂ ಜಿಲ್ಲೆ. ಮೇಲಿನ ನೆಲದ ನೀರನ್ನೆಲ್ಲ ಕೂಡಿಸಿಕೊಂಡ ಪಾಂಡಿಯಾರು ಘಟ್ಟದಿಂದ ಧುಮುಕಿ, ಪುನ್ನಪುಳ ಎಂಬ ಹೆಸರು ತಾಳಿ, ಚಾಲಿಯಾರನ್ನು ಸೇರುತ್ತದೆ. ನಾವು ಹೊಳೆ ಎನ್ನುವುದನ್ನೇ ಅಲ್ಲಿಯವರು ಪುಳ ಎನ್ನುವರು. ಚಾಲಿಯಾರು ಮುಂದೆ ಕೋಳಿಕ್ಕೋಡಿನ ದಕ್ಷಿಣಕ್ಕೆ ಬೇಪೂರಿನ ಬಳಿ ಸಮುದ್ರವನ್ನು ಕೂಡುತ್ತದೆ. ಈ ಹೊಳೆಗಳ ಮರಳಿನಲ್ಲಿ ಚಿನ್ನದ ಕಣಗಳು ದೊರೆಯುತ್ತವೆಂಬುದು ಹೊಸ ಸಂಗತಿಯಲ್ಲ. 1800-01ರಲ್ಲಿ ಮೈಸೂರು, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ನಿಲಂಬೂರಿನ ಹೊಳೆಯಲ್ಲಿ ಹೊನ್ನಿನ ಪುಡಿಯನ್ನು ಆಯುವ ಹಕ್ಕು ಒಬ್ಬ ನಾಯರನಿಗೆ ಸೇರಿತ್ತೆಂದೂ ಅದಕ್ಕಾಗಿ ಆತನು ಕಪ್ಪ ಕೊಡುತ್ತಿದ್ದನೆಂದೂ ಬರೆದಿಟ್ಟಿದ್ದಾನೆ.

ಮರಳಿನಲ್ಲಿ ಹುಟ್ಟದ ಚಿನ್ನ ಮರಳಿನಲ್ಲಿ ಸಿಕ್ಕಬೇಕಾದರೆ ಎಲ್ಲಿಂದಲೋ ಬಂದಿರಲೇಬೇಕು. ಹಾಗಾದರೆ ಹೊಳೆಯನ್ನು ಹಿಡಿದು ಮೇಲೇರುತ್ತ ಹೋದರೆ ಅದರ ತಾಯಿಬಂಡೆ ಸಿಕ್ಕಬೇಕಲ್ಲವೆ? ಸಿಕ್ಕಬೇಕು, ಸಿಕ್ಕಿಯೂ ಇದೆ. ಆದರೆ ಸಿಕ್ಕ ಬಂಡೆಯಲ್ಲಿ ಹೊನ್ನು ಹೇರಳವಾಗಿ ಇದ್ದೇ ತೀರಬೇಕೆಂದು ಎಣಿಸಿದವರು ಈ ಘಟ್ಟದ ಮೇಲೆಯೇ ಕೈಸುಟ್ಟುಕೊಂಡರು. ಹೊಳೆಯ ಸಾಕ್ಷ್ಯವನ್ನು ಹೇಗೆ ಓದಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನೇ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಒಂದು ಮಾತು, ಭಾಷೆಯ ಬಗೆಗೆ. ಅಕ್ಕಿಯೊಳಗಿನ ಕಲ್ಲನ್ನು ನೀರಿನಲ್ಲಿ ಆಡಿಸಿ ಬೇರೆ ಮಾಡುವುದಕ್ಕೆ ನಮ್ಮ ಮನೆಗಳಲ್ಲಿ ಜಾಲಿಸುವುದು ಎನ್ನುತ್ತಾರೆ. ಹೊಳೆಯ ಮಣ್ಣನ್ನು ಜಾಲಿಸಿ ಚಿನ್ನ ತೆಗೆಯುವವನು ಜಾಲಗಾರ ಅಥವಾ ಜಲಗಾರ. ಧಾರವಾಡ ಸೀಮೆಯ ಡಂಬಳದ ಗುಡ್ಡಗಳಲ್ಲಿ ಈ ಕಸುಬಿನವರು ಇದೇ ಹೆಸರಿನಿಂದ ಹತ್ತೊಂಬತ್ತನೆಯ ಶತಮಾನದ ವರದಿಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಅಕ್ಕಸಾಲೆಯ ಅಂಗಡಿಯ ಮುಂದಿನ ಕಸವನ್ನು ತೊಳೆದು ಚೂರು ಚಿನ್ನ ಆಯುವುದೂ ಇದೇ ಕೈಕೆಲಸ. ಮುಂದೆ ಆ ಶಬ್ದ ಬೀದಿ ಗುಡಿಸುವವನಿಗೆ ನಿಂತುಬಿಟ್ಟಿತು. ಕುವೆಂಪು ಅವರ ನಾಟಕದ ‘ಜಲಗಾರ’ ಅಂಥವನೇ. ಹೊನ್ನಿನಿಂದ ಕಸಕ್ಕೆ ಇಳಿದ ಈ ಶಬ್ದದ ದಾರಿ ಹೀಗಿರಬೇಕೆಂದು ನಮಗೆ ತೋರುತ್ತದೆ, ಭಾಷಾಜ್ಞರು ವಿಚಾರಿಸಲಿ.

ಊರು ಹೊಳೆಗಳ ಹೆಸರನ್ನು ಹಿಡಿದು ಚಿನ್ನ ಹುಡುಕುವವರೂ ಇದ್ದಾರೆ. ತಾಳವಾಡಿಯ ಕಡೆಯ ಬೆಟ್ಟಗಳಿಂದ ಚಾಮರಾಜನಗರದ ಸೀಮೆಗೆ ಇಳಿಯುವ ಸುವರ್ಣಾವತಿಗೆ ಹೊನ್ನುಹೊಳೆ ಎಂಬ ಹೆಸರೂ ಉಂಟು. ಹೆಸರು ಇಂಪಾಗಿದೆ, ಸರಿ. ಆದರೆ ಸಂಜೆಯ ಬಿಸಿಲಿಗೆ ಹೊಳೆದ ನೀರಿಗೂ, ಬಂಗಾರದಂಥ ಬೆಳೆ ಕೊಟ್ಟ ನೀರಿಗೂ ಜನ ಈ ಹೆಸರನ್ನೇ ಇಡಬಲ್ಲರು. ನಾವು ಹೆಸರನ್ನು ಸಾಕ್ಷಿಯಾಗಿ ಎತ್ತಿಕೊಳ್ಳುವುದಿಲ್ಲ. ಮರಿಗೆಯ ತಳದಲ್ಲಿ ಉಳಿದುದೇ ಸಾಕ್ಷಿ.

ಆ ತಳದಲ್ಲಿ ಚಿನ್ನವೇ ಏಕೆ ಉಳಿಯುತ್ತದೆ? ಇದು ತರಗತಿಯಲ್ಲಿ ಕರಿಹಲಗೆಯ ಮೇಲೆ ಬಿಡಿಸಬಹುದಾದ ಲೆಕ್ಕ. ಅಪ್ಪಟ ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಮರಳಿನ ಮುಖ್ಯ ಅಂಶವಾದ ಬೆಣಚುಕಲ್ಲು 2.65 ಪಟ್ಟು. ಗಾಳಿಯಲ್ಲಿ ತೂಗಿದರೆ ಚಿನ್ನ ಬೆಣಚಿಗಿಂತ ಏಳು ಪಟ್ಟು ಭಾರ. ಆದರೆ ನೀರಿನೊಳಗೆ ಎರಡೂ ತಮ್ಮ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುತ್ತವೆ. ಆಗ ಉಳಿಯುವುದು 18.3 ಮತ್ತು 1.65, ಎಂದರೆ ಹನ್ನೊಂದು ಪಟ್ಟು. ಹೊಳೆಯೊಳಗೆ ಚಿನ್ನ ತನ್ನ ನಿಜವಾದ ತೂಕದಲ್ಲಿ ಹೆಚ್ಚು ಪಾಲನ್ನು ಉಳಿಸಿಕೊಂಡು, ಬೆಣಚು ಹಗುರಾಗುತ್ತದೆ. ಜಾಲಗಾರನ ಕೈಚಳಕವೆಲ್ಲ ಈ ಹನ್ನೊಂದು ಪಟ್ಟಿನ ಮೇಲೆ ನಿಂತಿದೆ. ಬೋಗುಣಿಯಲ್ಲಿ ಮರಳಿನೊಂದಿಗೆ ಕಮ್ಮಾರನ ಅರದಿಂದ ಉದುರಿದ ಕಬ್ಬಿಣದ ಪುಡಿಯನ್ನು ಬೆರೆಸಿ ನೀರಿನಲ್ಲಿ ಆಡಿಸಿದರೆ ಮಕ್ಕಳು ಇದನ್ನು ಕಣ್ಣಾರೆ ಕಾಣುವರು.

ಹೊಳೆಯೂ ಇದನ್ನೇ ಮಾಡುತ್ತದೆ. ಎಲ್ಲಿ ನೀರಿನ ವೇಗ ತಗ್ಗುವುದೋ ಅಲ್ಲಿ ಭಾರದ ಕಣ ಕೆಳಗಿಳಿಯುತ್ತದೆ: ತಿರುವಿನ ಒಳದಂಡೆಯಲ್ಲಿ, ದೊಡ್ಡ ಬಂಡೆಯ ಬೆನ್ನ ಹಿಂದೆ, ಹೊಳೆಯ ಅಡಿಗಲ್ಲಿನ ಬಿರುಕು ಕುಳಿಗಳಲ್ಲಿ. ನೆರೆ ಬಂದಾಗ ಜಲ್ಲಿಯೆಲ್ಲ ಕದಲುತ್ತದೆ. ಕದಲಿದ ಜಲ್ಲಿಯ ಸಂದುಗಳಲ್ಲಿ ಚಿನ್ನ ಮತ್ತಷ್ಟು ಕೆಳಗೆ ಸೇರುತ್ತದೆ. ಆದ್ದರಿಂದ ಮೇಲಿನ ಹಸನಾದ ಮರಳಿಗಿಂತ ಅಡಿಗಲ್ಲಿಗೆ ಅಂಟಿದ ಒರಟು ಜಲ್ಲಿಯೇ ಹುಡುಕುವವನಿಗೆ ಮುಖ್ಯ. ಚಿನ್ನದ ಜೊತೆಯಲ್ಲಿ ಮರಿಗೆಯ ತಳದಲ್ಲಿ ಒಂದು ಹಿಡಿ ಕಪ್ಪು ಮರಳು ಉಳಿಯುತ್ತದೆ. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್, ಅಷ್ಟಾಗಿ ಅಂಟದ ಇಲ್ಮನೈಟ್, ಕೆಂಪು ಗಾರ್ನೆಟ್, ಬಣ್ಣವಿಲ್ಲದ ಜಿರ್ಕಾನ್ ಇರುತ್ತವೆ. ಹೊಳೆಯಲ್ಲಿ ತೇಲಿ ಹೊಳೆಯುವ ಕಾಗೆಬಂಗಾರ ಮಾತ್ರ ಇಲ್ಲಿ ನಿಲ್ಲದು. ಅದು ಹಗುರಾದ ಅಭ್ರಕ. ಮಿನುಗುವುದು ನೀರಿನ ಜೊತೆ ಹೋಗಿಬಿಟ್ಟರೆ ಚಿನ್ನವಲ್ಲವೆಂದು ಎಳೆಯರಿಗೂ ತಿಳಿಸಬಹುದು.

ಹುಡುಕುವ ಕ್ರಮ ಮೇಲುನೋಟಕ್ಕೆ ಸರಳ. ಎರಡು ಹೊಳೆ ಕೂಡುವ ಸ್ಥಳಕ್ಕೆ ಬಂದಾಗ, ಕೂಡುವ ಮೊದಲು ಎರಡರಲ್ಲಿಯೂ ಒಂದೇ ಬಗೆಯ ಜಾಗದಿಂದ ಸಮಸಂಖ್ಯೆಯ ಮರಿಗೆಗಳಷ್ಟು ಜಲ್ಲಿ ತೊಳೆದು ಕಣಗಳನ್ನು ಎಣಿಸುವುದು. ಕಣವಿಲ್ಲದ ಕವಲನ್ನು ಬಿಟ್ಟು ಇರುವ ಕವಲನ್ನು ಹಿಡಿದು ಮೇಲೇರುವುದು. ಮುಂದಿನ ಸಂಗಮದಲ್ಲಿ ಮತ್ತೆ ಇದೇ ಕೆಲಸ. ಏರುತ್ತ ಹೋದಂತೆ ಕಣಗಳು ಒರಟಾಗುತ್ತವೆ. ಒಂದೆಡೆ ಥಟ್ಟನೆ ನಿಂತುಹೋಗುತ್ತವೆ. ಅಲ್ಲಿ ಹೊಳೆಯನ್ನು ಬಿಟ್ಟು ಎರಡೂ ಬದಿಯ ಇಳಿಜಾರಿನ ಮಣ್ಣನ್ನು ಸಾಲುಸಾಲಾಗಿ ತೊಳೆಯಬೇಕು. ಇಳಿಜಾರಿನಲ್ಲಿ ಚಿನ್ನ ಬೀಸಣಿಗೆಯಂತೆ ಕೆಳಮುಖವಾಗಿ ಹರಡಿರುತ್ತದೆ. ಬೀಸಣಿಗೆಯ ಹಿಡಿ ಎಲ್ಲಿದೆಯೋ ಅಲ್ಲಿ ಬಂಡೆಯ ನಾಳವಿರಬೇಕು.

ಕಣದ ಮೈಯನ್ನು ಮಸೂರದಲ್ಲಿ ನೋಡಿದರೆ ಪಯಣದ ದೂರವೂ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಚಿನ್ನ ಮೆದು; ಕಲ್ಲುಗಳ ನಡುವೆ ಒಡೆಯುವುದಿಲ್ಲ, ಜಜ್ಜಿಹೋಗುತ್ತದೆ. ಬಂಡೆಯಿಂದ ಆಗತಾನೆ ಬಿಟ್ಟ ಕಣಕ್ಕೆ ಮೂಲೆ, ಮುಳ್ಳು, ಹರಳಿನ ಅಚ್ಚು ಇರುತ್ತವೆ; ಕೆಲವಕ್ಕೆ ಬೆಣಚಿನ ಚೂರು ಇನ್ನೂ ಕಚ್ಚಿಕೊಂಡಿರುತ್ತದೆ. ದೂರ ಬಂದ ಕಣ ಅವಲಕ್ಕಿಯಂತೆ ತಟ್ಟಿ ಹೋಗಿ, ಅಂಚು ಮಡಿಚಿಕೊಂಡಿರುತ್ತದೆ. ಜೊತೆಯ ಕಪ್ಪು ಮರಳಿನಲ್ಲಿ ಕಬ್ಬಿಣದ ತುಕ್ಕಾಗಿ ಮಾರ್ಪಟ್ಟ ಘನಾಕೃತಿಯ ಹರಳುಗಳು ಸಿಕ್ಕಿದರೆ ಅವು ಗಂಧಕಯುಕ್ತ ಪೈರೈಟಿನ ಅವಶೇಷ. ಬಹುಕಾಲ ಉರುಳಿ ಬಾಳುವಂಥವಲ್ಲ, ಆದಕಾರಣ ನಾಳ ಹತ್ತಿರವಿದೆಯೆಂದು ಊಹಿಸಬಹುದು.

ಹೊಳೆಯನ್ನು ಹಿಡಿದು ಏರುವುದೊಂದೇ ದಾರಿಯಲ್ಲ. ಒಂದೊಂದು ಬಗೆಯ ಬಂಡೆಯ ಮೇಲೆ ಹರಿಯುವ ತೊರೆಗಳನ್ನು ಬೇರೆಬೇರೆಯಾಗಿ ತೊಳೆದು ಹೋಲಿಸಿದರೆ, ಚಿನ್ನ ಯಾವ ಬಂಡೆಯ ಕುಲಕ್ಕೆ ಸೇರಿದ್ದೆಂದು ತಿಳಿಯುತ್ತದೆ. ಭಾರತೀಯ ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳಲ್ಲಿ ಮಾಡಿದ್ದು ಇದನ್ನೇ. 1874ರಲ್ಲಿ ಪ್ರಕಟವಾದ ಆತನ ವರದಿಯಲ್ಲಿ ಗುಡ್ಡದ ಬಂಡೆಗಳನ್ನು ದೋಣಿ, ಕಪ್ಪತಗುಡ್ಡ, ಸೊರಟೂರು ಎಂದು ಊರಿನ ಹೆಸರಿನಿಂದಲೇ ಪಂಗಡಗಳಾಗಿ ವಿಂಗಡಿಸಲಾಗಿದೆ. ಸೊರಟೂರಿನ ಪಂಗಡದ ಮೇಲೆ ಹರಿಯುವ ತೊರೆಗಳೇ ಹೆಚ್ಚು ಚಿನ್ನ ಕೊಟ್ಟವು. ಯಾವ ತೊರೆಯಲ್ಲಿ ತೊಳೆಯಬೇಕೆಂಬುದು ಜಾಲಗಾರರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಬಂಡೆಗೂ ತೊರೆಗೂ ಇರುವ ಸಂಬಂಧವನ್ನು ನಕಾಶೆಯ ಮೇಲಿಟ್ಟದ್ದು ಫೂಟನ ಕೆಲಸ. ಈ ಬಗೆಯ ಬಂಡೆಗಳಿಗೆ ಆತನೇ ಮುಂದೆ ಧಾರವಾಡದ ಹೆಸರಿಟ್ಟ. ಆ ಹೆಸರು ಇಂದು ಜಗತ್ತಿನ ಭೂವಿಜ್ಞಾನದ ಗ್ರಂಥಗಳಲ್ಲಿ ನಿಂತಿದೆ.

ಕೋಲಾರದ ಕಥೆ ಪ್ರಸಿದ್ಧವಾದುದರಿಂದ ಬೇಗನೆ ಮುಗಿಸುತ್ತೇವೆ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡ. 1875ರಲ್ಲಿ ಮೈಕೇಲ್ ಲವೆಲ್ ಗಣಿಯ ಪರವಾನಗಿ ಪಡೆದ. 1880ರ ದಶಕದಲ್ಲಿ ಚಾಂಪಿಯನ್ ನಾಳದ ನಿಜವಾದ ಬೆಲೆ ತಿಳಿಯಿತು. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿಂದ 800 ಟನ್ನಿಗೂ ಮೇಲ್ಪಟ್ಟು ಚಿನ್ನ ಹೊರಬಿದ್ದಿತ್ತು, ಸುರಂಗಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಲ್ಲಿ ಮಣ್ಣಿನ ಕಣ ತೋರಿಸಿದ ದಾರಿ ನೇರವಾಗಿ ಸಿರಿಯ ನಾಳಕ್ಕೇ ಹೋಯಿತು.

ವಯನಾಡಿನಲ್ಲಿ ಹಾಗಾಗಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಗೂಡಲೂರು, ದೇವಾಲ, ಪಂದಲೂರುಗಳನ್ನೊಳಗೊಂಡ ಆಗ್ನೇಯ ವಯನಾಡು ಮೊದಲು ಮಲಬಾರಿಗೆ ಸೇರಿದ್ದು, 1877ರಲ್ಲಿ ನೀಲಗಿರಿ ಜಿಲ್ಲೆಗೆ ವರ್ಗವಾಯಿತು. ಅಲ್ಲಿಯ ಕುರುಂಬರೂ ಪಣಿಯರೂ ಬಹುಕಾಲದಿಂದ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ಕುರುಂಬರು ಬೆಣಚಿನ ನಾಳಗಳನ್ನು ಹಿಡಿದು ಬಂಡೆಯಲ್ಲಿ ಕುಳಿ ಸುರಂಗಗಳನ್ನು ತೋಡಿದ್ದರು. ಮುಂದೆ ಬಂದ ಇಂಜಿನಿಯರರು ಆ ಕುಳಿಗಳ ಗೋಡೆಗಳನ್ನು ಕಂಡು ಬೆರಗಾದರು. 1870ರ ದಶಕದಲ್ಲಿ ಭೂವಿಜ್ಞಾನ ಇಲಾಖೆಯ ವಿಲಿಯಂ ಕಿಂಗ್ ಈ ಪ್ರದೇಶವನ್ನು ಪರೀಕ್ಷಿಸಿದ. 1879ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯದಿಂದ ರಾಬರ್ಟ್ ಬ್ರೋ ಸ್ಮಿತ್ ಎಂಬ ಗಣಿ ತಜ್ಞನನ್ನು ಸರಕಾರ ಕರೆಯಿಸಿತು. ಆತನ ವರದಿ ಉತ್ಸಾಹದಿಂದ ತುಂಬಿತ್ತು. ಇದಾದ ಬಳಿಕ ಲಂಡನ್ನಿನಲ್ಲಿ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ಬಂಡವಾಳ ಲಕ್ಷಗಳನ್ನು ದಾಟಿ ದಶಲಕ್ಷ ಪೌಂಡುಗಳ ಲೆಕ್ಕಕ್ಕೆ ಏರಿತು. ರೋಗ ಹುಳುಗಳಿಂದ ಕಾಫಿ ಸೋತು ಕುಳಿತಿದ್ದ ತೋಟದ ದೊರೆಗಳು ತಮ್ಮ ತೋಟಗಳನ್ನು ಚಿನ್ನದ ಬೆಲೆಗೆ ಮಾರಿದರು. ಪಂದಲೂರು ನೋಡನೋಡುತ್ತ ಪೇಟೆಯಾಯಿತು. ಕಲ್ಲು ಕುಟ್ಟುವ ಯಂತ್ರಗಳನ್ನು ಘಟ್ಟ ಹತ್ತಿಸಲಾಯಿತು.

ಯಂತ್ರಗಳು ಕುಟ್ಟಿದ ಕಲ್ಲಿನಲ್ಲಿ ಖರ್ಚು ಗಿಟ್ಟುವಷ್ಟೂ ಚಿನ್ನ ಬರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಭ್ರಮೆ ಇಳಿಯಿತು. ಶತಮಾನದ ಕೊನೆಗೆ ಹೇಡನ್ ಮತ್ತು ಹ್ಯಾಚ್ ಎಂಬ ಇಬ್ಬರು ಮತ್ತೊಮ್ಮೆ ಕ್ರಮವಾಗಿ ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದ ವರದಿಯೂ ಆಸೆಗೆ ಎಡೆಗೊಡಲಿಲ್ಲ. ಚಹಾ ತೋಟಗಳ ನಡುವೆ ಹಳೆಯ ಸುರಂಗಗಳ ಬಾಯಿಗಳು ಇಂದೂ ಉಳಿದಿವೆ.

ಇದರಲ್ಲಿ ಮೋಸವೂ ದುರಾಶೆಯೂ ಇರಲಿಲ್ಲವೆಂದಲ್ಲ. ಆದರೆ ಪ್ರಾಮಾಣಿಕರೂ ಹೇಗೆ ತಪ್ಪಿದರು ಎಂಬುದೇ ನಮಗೆ ಮುಖ್ಯ. ಹೊಳೆಯಲ್ಲಿ ಚಿನ್ನವಿತ್ತು, ಮೇಲಿನ ಬೆಟ್ಟದಲ್ಲಿ ಚಿನ್ನದ ನಾಳಗಳೂ ಇದ್ದವು. ಎರಡೂ ನಿಜ. ತಪ್ಪಿದ್ದು ಲೆಕ್ಕದಲ್ಲಿ. ಗಣಿಗೆ ಬೇಕಾದುದು ಟನ್ನಿಗೆ ಎಷ್ಟು ಎಂಬ ದರ. ಹೊಳೆ ಕೊಡುವುದು ಲಕ್ಷಾಂತರ ವರ್ಷಗಳಲ್ಲಿ ಸವೆದ ಬಂಡೆಯಿಂದ ಕೂಡಿಬಂದ ಮೊತ್ತ.

ಅಂಕಿಗಳಲ್ಲಿ ಹೇಳೋಣ, ಇವು ಉದಾಹರಣೆಗೆಂದು ನಾವೇ ಹಾಕಿಕೊಂಡವು. ಒಂದು ಕಣಿವೆಯ ತಲೆಯಲ್ಲಿ ಒಂದು ಮೀಟರ್ ದಪ್ಪ, 500 ಮೀಟರ್ ಉದ್ದದ ಒಂದೇ ನಾಳವಿದೆ; ಟನ್ನಿಗೆ 5 ಗ್ರಾಂ ಚಿನ್ನ. ಹತ್ತು ಮೀಟರ್ ಆಳದವರೆಗೆ ಅದು ಸವೆದರೆ ಸುಮಾರು 13,500 ಟನ್ ಕಲ್ಲು, 67 ಕಿಲೋ ಚಿನ್ನ. ಮುಕ್ಕಾಲು ಪಾಲು ಹೊಳೆಯಲ್ಲಿ ನಿಂತರೆ 50 ಕಿಲೋ. ಇನ್ನೊಂದು ಕಣಿವೆಯ ತಲೆಯಲ್ಲಿ ಅಂಥ ನಾಳವಿಲ್ಲ. ನೂರು ಚದರ ಕಿಲೋಮೀಟರ್ ಬಂಡೆಯಲ್ಲಿ ಕೂದಲೆಳೆಯಂಥ ನಾಳಗಳು ಅಲ್ಲಲ್ಲಿ ಹರಡಿ, ಎಲ್ಲವನ್ನೂ ಸೇರಿಸಿ ಟನ್ನಿಗೆ 2 ಮಿಲಿಗ್ರಾಂ ಮಾತ್ರ. ಸಾಮಾನ್ಯ ಬಂಡೆಗಳಲ್ಲಿಯೂ ಸುಮಾರು ಇಷ್ಟಿರುತ್ತದೆ. ಅಲ್ಲಿಯೂ ಹತ್ತು ಮೀಟರ್ ಸವೆದರೆ 270 ಕೋಟಿ ಟನ್ ಕಲ್ಲು, 5,400 ಕಿಲೋ ಚಿನ್ನ. ಬಹುಪಾಲು ಹುಡಿಯಾಗಿ ಸಮುದ್ರ ಸೇರಿ, ನೂರಕ್ಕೆ ಒಂದು ಪಾಲು ಮಾತ್ರ ಹೊಳೆಯಲ್ಲಿ ನಿಂತರೂ 54 ಕಿಲೋ. ಕೆಳಗೆ ಮರಿಗೆ ಹಿಡಿದು ಕುಳಿತವನಿಗೆ ಈ ಎರಡು ಹೊಳೆಗಳೂ ಒಂದೇ. ಮೊದಲನೆಯದರ ಮೇಲೆ ಗಣಿ ತೆರೆಯಬಹುದು. ಎರಡನೆಯದರ ಮೇಲೆ ತೆರೆದರೆ ಮನೆ ಹಾಳು. ಸಂಗಮ ಸಂಗಮದಲ್ಲಿಯೂ ಎಣಿಸುತ್ತ ಹೋದವನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದರಲ್ಲಿ ಒಂದೇ ಕವಲು ಚಿನ್ನ ಕೊಡುತ್ತದೆ. ಎರಡನೆಯದರಲ್ಲಿ ಎಲ್ಲ ಕವಲುಗಳೂ ಸ್ವಲ್ಪ ಸ್ವಲ್ಪ ಕೊಡುತ್ತವೆ, ಎಲ್ಲಿಯೂ ಥಟ್ಟನೆ ನಿಲ್ಲುವುದಿಲ್ಲ. ವಯನಾಡು ಎರಡನೆಯದರ ಕಡೆಗೇ ಹೆಚ್ಚು ವಾಲುತ್ತದೆ: ಗ್ನೈಸ್ ಬಂಡೆಗಳ ನಡುವೆ ಅನೇಕ ನಾಳಗಳು, ಒಂದೊಂದರಲ್ಲಿಯೂ ಅಲ್ಪಸ್ವಲ್ಪ.

ಎರಡನೆಯ ತೊಡಕು ಮಳೆಯದು. ಘಟ್ಟದ ಮಳೆಯಲ್ಲಿ ಬಂಡೆ ಬಲು ಆಳದವರೆಗೆ ಕೊಳೆಯುತ್ತದೆ. ನಾಳದ ಮೇಲ್ಭಾಗದಲ್ಲಿದ್ದ ಪೈರೈಟು ಕರಗಿ ಹೋಗಿ, ಅದರೊಳಗೆ ಸೆರೆಯಾಗಿದ್ದ ಚಿನ್ನ ಬಿಡುಗಡೆಯಾಗಿ ಸಡಿಲವಾದ, ತೂತುತೂತಾದ ಬೆಣಚಿನಲ್ಲಿ ಉಳಿಯುತ್ತದೆ. ಇಂಥ ಕಲ್ಲನ್ನು ಕುಟ್ಟುವುದೂ ಸುಲಭ, ತೊಳೆಯುವುದೂ ಸುಲಭ. ಹಳಬರು ಇದನ್ನೇ ಆರಿಸಿ ತೆಗೆದಿದ್ದರು. ಆಳಕ್ಕಿಳಿದರೆ ಗಟ್ಟಿ ಕಲ್ಲು, ಅದರೊಳಗೆ ಪೈರೈಟು, ಪೈರೈಟಿನೊಳಗೆ ಬಿಡಿಸಲು ಕಷ್ಟವಾದ ಸ್ವಲ್ಪ ಚಿನ್ನ. ಮೇಲಿನ ಮಾದರಿಯನ್ನು ನೋಡಿ ಕೆಳಗಿನದನ್ನು ಅಳೆದುದರಿಂದ ಕಂಪನಿಗಳು ಕೆಟ್ಟವು.

ಮೂರನೆಯದು ಇನ್ನೂ ವಿಚಿತ್ರ. ಕಾಸರಗೋಡಿನವರು ಮುರಕಲ್ಲೆಂದೂ ಬೇರೆ ಕಡೆಯವರು ಜಂಬಿಟ್ಟಿಗೆಯೆಂದೂ ಕರೆಯುವ ಕೆಂಪು ಕಲ್ಲು ನಿಲಂಬೂರಿನಲ್ಲಿಯೂ ಹೇರಳ. ಬಂಡೆ ಕೊಳೆತು ಕಬ್ಬಿಣ ಉಳಿದು ಆದದ್ದು ಅದು. ಬಂಡೆಯ ನಾಳದಲ್ಲಿರುವ ಚಿನ್ನದ ಜೊತೆ ಯಾವಾಗಲೂ ಒಂದಿಷ್ಟು ಬೆಳ್ಳಿ ಬೆರೆತಿರುತ್ತದೆ. ಆದರೆ ನಿಲಂಬೂರಿನ ಮುರಕಲ್ಲಿನ ಪದರಗಳಿಂದ ತೆಗೆದ ಚಿನ್ನ ಬಹುಮಟ್ಟಿಗೆ ಅಪ್ಪಟವೆಂದು ಎಂ. ಸಂತೋಷ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಬೆಳ್ಳಿ ನೆಲದ ನೀರಿನಲ್ಲಿ ಬೇಗ ಕರಗುತ್ತದೆ. ತಕ್ಕ ಲವಣ, ಕೊಳೆತ ಎಲೆಗಳ ಆಮ್ಲ ಮೊದಲಾದವು ಸೇರಿದ ನೀರಿನಲ್ಲಿ ಚಿನ್ನವೂ ಅತಿ ನಿಧಾನವಾಗಿ ಕರಗಬಲ್ಲದು. ಕರಗಿದ್ದು ಕಬ್ಬಿಣದ ಸಂಗ ಸಿಕ್ಕಿದಲ್ಲಿ ಮತ್ತೆ ಗಟ್ಟಿಯಾಗಿ ಕೂರುತ್ತದೆ, ಬೆಳ್ಳಿಯನ್ನು ಹಿಂದೆ ಬಿಟ್ಟು. ಹೀಗೆ ಮಣ್ಣಿನಲ್ಲಿಯೇ ಎರಡನೆಯ ಸಲ ಹುಟ್ಟಿದ ಕಣಕ್ಕೆ ಬಂಡೆಯಲ್ಲಿ ಅಷ್ಟೇ ಗಾತ್ರದ ತಾಯಿಯನ್ನು ಹುಡುಕಿದರೆ ಸಿಕ್ಕುವುದೆಲ್ಲಿಂದ?

ಆದ್ದರಿಂದ ಇಂದಿನ ಶೋಧಕರು ಒರೆಗಲ್ಲಿಗೆ ತೃಪ್ತರಾಗುವುದಿಲ್ಲ. ಕಣವನ್ನು ಅರಗಿನಲ್ಲಿ ಕೂಡಿಸಿ, ಕೊಯ್ದು, ನುಣ್ಣಗೆ ಉಜ್ಜಿ, ಇಲೆಕ್ಟ್ರಾನ್ ಕಿರಣ ಹಾಯಿಸಿ ಒಳಗಿನ ತಿರುಳನ್ನು ನೋಡುತ್ತಾರೆ. ಹೊಳೆಯಲ್ಲಿ ಬಹುಕಾಲ ಇದ್ದ ಕಣದ ಅಂಚಿನಲ್ಲಿ ಬೆಳ್ಳಿ ಕರಗಿಹೋಗಿ ಅಪ್ಪಟ ಚಿನ್ನದ ತೆಳುವಾದ ಸಿಪ್ಪೆ ಉಂಟಾಗಿರುತ್ತದೆ. ತಿರುಳಿನಲ್ಲಿ ಮಾತ್ರ ಬಂಡೆಯಲ್ಲಿದ್ದಾಗಿನ ಬೆಳ್ಳಿಯ ಪಾಲು ಹಾಗೆಯೇ ಇರುತ್ತದೆ. ತಿರುಳಿನ ಬೆಳ್ಳಿಯೂ, ಒಳಗೆ ಸಿಕ್ಕಿಕೊಂಡ ಗಂಧಕದ ಖನಿಜಗಳ ಚೂರುಗಳೂ ಯಾವ ನಾಳದ ಚಿನ್ನಕ್ಕೆ ಹೊಂದುತ್ತವೆಂದು ಹೋಲಿಸಿ ನೋಡಬಹುದು. ಒರೆಗಲ್ಲು ಮೇಲಿನ ಸಿಪ್ಪೆಯನ್ನಷ್ಟೇ ಓದುತ್ತದೆ.

ಹೊಳೆಯೂ ಒಂದೇ ಜಾಗದಲ್ಲಿ ಹರಿಯುತ್ತ ಬಂದಿಲ್ಲ. ನಿಲಂಬೂರಿನಲ್ಲಿ ಇಂದಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಹಳೆಯ ಹೊಳೆ ಬಿಟ್ಟುಹೋದ ಜಲ್ಲಿಯ ದಿಣ್ಣೆಗಳಿವೆ, ಅವುಗಳಲ್ಲಿಯೂ ಚಿನ್ನವಿದೆ. ದಂಡೆ ಕುಸಿದಾಗ ಆ ಚಿನ್ನ ಎರಡನೆಯ ಬಾರಿ ಹೊಳೆಗೆ ಬೀಳುತ್ತದೆ. ಮೈ ತಟ್ಟಿ ಹೋದ ಇಂಥ ಕಣವನ್ನು ಕಂಡು ದೂರದ ಬೆಟ್ಟಕ್ಕೆ ಓಡುವ ಮೊದಲು ಪಕ್ಕದ ದಂಡೆಯನ್ನು ತೊಳೆದು ನೋಡುವುದು ಲೇಸು. ಇನ್ನು ಹಳೆಯ ಗಣಿಗಳ ಬಳಿ ಪಾದರಸ ಅಂಟಿ ಬಿಳಿಚಿಕೊಂಡ ಕಣ ಸಿಕ್ಕಿದರೆ ಅದು ಮನುಷ್ಯರು ಕುಟ್ಟಿ ಚೆಲ್ಲಿದ್ದು. ಪಾದರಸ ಬೆರೆತ ಅಂಥ ಕಣಗಳನ್ನು ಮಕ್ಕಳ ಕೈಗೆ ಕೊಡಬಾರದು, ಬೆಂಕಿಯ ಬಳಿಗಂತೂ ಒಯ್ಯಲೇಬಾರದು. ಅದರ ಹೊಗೆ ವಿಷ. ಹಳೆಯ ಸುರಂಗಗಳೊಳಗೆ ಮಕ್ಕಳನ್ನು ಬಿಡುವ ಮಾತೇ ಇಲ್ಲ.

ಈ ವಿಷಯವನ್ನು ಮುಂದುವರಿಸಬಯಸುವ ಉಪಾಧ್ಯಾಯ ಮಿತ್ರರಿಗೆ ಒಂದು ಸೂಚನೆ. ಹೊಳೆಯ ತಲೆ ಒಂದು ರಾಜ್ಯದಲ್ಲಿ, ಕಾಲು ಇನ್ನೊಂದರಲ್ಲಿ ಇರುವುದರಿಂದ ಕಾಗದಪತ್ರಗಳೂ ಎರಡಾಗಿವೆ. ನಾಳಗಳ ಸಂಗತಿಗೆ ಡಬ್ಲ್ಯು. ಫ್ರಾನ್ಸಿಸ್ 1908ರಲ್ಲಿ ಹೊರತಂದ ನೀಲಗಿರಿಯ ಗೆಜೆಟಿಯರನ್ನೂ, ಕೆಳಗಿನ ಕಣಿವೆಯ ಸಂಗತಿಗೆ ವಿಲಿಯಂ ಲೋಗನ್ನನ ಮಲಬಾರ್ ಮ್ಯಾನ್ಯುಅಲನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಒಂದನ್ನೇ ಓದಿದವನಿಗೆ ಅರ್ಧ ಹೊಳೆ ಮಾತ್ರ ಕಾಣುತ್ತದೆ. ಮೇಲೆ ನಾವು ಬರೆದ 1877ರ ವರ್ಗಾವಣೆಯನ್ನು ಮರೆತರೆ, ಅದಕ್ಕೆ ಹಿಂದಿನ ದೇವಾಲ ಪಂದಲೂರುಗಳ ಕಾಗದಗಳನ್ನು ನೀಲಗಿರಿಯಲ್ಲಿ ಹುಡುಕಿ ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಹೊಳೆಯ ಬಳಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. 2024ನೆಯ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್ಮಲಗಳ ಮೇಲೆ ಬೆಟ್ಟ ಜರಿದು ಬಿತ್ತು. ಊರುಗಳು ಕೊಚ್ಚಿ ಹೋದವು. ಮೇಲೆ ಕಾಣೆಯಾದವರ ದೇಹಗಳನ್ನು ಬಂಧುಗಳು ಬಹುದೂರ ಕೆಳಗೆ ನಿಲಂಬೂರಿನ ಚಾಲಿಯಾರಿನಲ್ಲಿ ಹುಡುಕಬೇಕಾಯಿತು. ಮೇಲಿನ ನೆಲ ಕೆಳಗಿನ ಕಣಿವೆಗೆ ಇಳಿಯುವುದು ಯಾವಾಗಲೂ ಹನಿಹನಿಯಾಗಿ ಅಲ್ಲ. ಸಾವಿರ ವರ್ಷಗಳ ಸವೆತ ಒಂದು ರಾತ್ರಿಯಲ್ಲಿ ನಡೆದುಹೋಗುವುದೂ ಉಂಟು. ಆ ರಾತ್ರಿಯ ಹೂಳು ಹಳೆಯ ಜಲ್ಲಿಯ ಮೇಲೆ ಕುಳಿತ ಕಡೆಗಳಲ್ಲಿ ಮರಿಗೆ ಹಿಡಿಯುವವನು ಎರಡನ್ನೂ ಬೇರೆಬೇರೆಯಾಗಿ ತೊಳೆದು, ಬೇರೆಬೇರೆಯಾಗಿ ಬರೆದಿಡಬೇಕು.